ಜೆಲ್ ಉಗುರು ನಿಲ್ಲುತ್ತಿಲ್ಲವಾ? ಎಲ್ಲಿಂದ ಎದ್ದಿದೆ ಅಂತ ಮೊದಲು ನೋಡಿ

ಜೆಲ್ ಅಂದರೆ ಉಗುರಿಗೆ ಹಚ್ಚಿ ಲ್ಯಾಂಪಿನ ಬೆಳಕಿನಲ್ಲಿ ಗಟ್ಟಿ ಮಾಡುವ ಲೇಪ. ಸರಿಯಾಗಿ ಹಾಕಿದ ಜೆಲ್ ಎರಡರಿಂದ ಮೂರು ವಾರ ಅಲುಗಾಡದೆ ಕೂರಬೇಕು. ನಾಲ್ಕೇ ದಿನಕ್ಕೆ ಎದ್ದು ಬಂದರೆ ಹೆಚ್ಚಿನವರು ಬಾಟಲಿಯನ್ನು ಬೈದು ಆನ್‌ಲೈನ್‌ನಲ್ಲಿ ಇನ್ನೊಂದು ಬ್ರ್ಯಾಂಡ್ ತರಿಸುತ್ತಾರೆ. ಅದೂ ಹಾಗೇ ಏಳುತ್ತದೆ. ಶಿವಮೊಗ್ಗದ ಪಾರ್ಲರ್‌ಗಳಲ್ಲಿ ಕೆಲಸ ಕಲಿಯುವ ಹುಡುಗಿಯರಿಗೂ, ಸಾಗರ, ತೀರ್ಥಹಳ್ಳಿ ಕಡೆ ಮನೆಗೇ ಕಿಟ್ ತರಿಸಿಕೊಂಡು ಹಾಕಿಕೊಳ್ಳುವವರಿಗೂ ನಾನು ಹೇಳುವುದು ಇಷ್ಟೇ. ಜೆಲ್ ಎಲ್ಲಿಂದ ಎದ್ದಿದೆ, ಯಾವಾಗ ಎದ್ದಿದೆ ಅಂತ ನೋಡಿದರೆ ಕಾರಣ ಸಿಗುತ್ತದೆ. ದುಡ್ಡು ಖರ್ಚು ಮಾಡುವುದು ಆಮೇಲಿನ ಮಾತು.

ಓದುವ ಮೊದಲು ಒಂದು ಎಚ್ಚರಿಕೆ. ಉಗುರಿನ ಸುತ್ತ ತುರಿಕೆ, ಗುಳ್ಳೆ ಅಥವಾ ಹಸಿರು ಕಲೆ ಇದ್ದರೆ ನೇರವಾಗಿ ಕೆಳಗೆ ಆ ಭಾಗಕ್ಕೆ ಹೋಗಿ. ಕೀವು, ನೋವು ಇದ್ದರೆ ಡಾಕ್ಟರಿಗೆ ತೋರಿಸಿ. ಅಂಥ ಉಗುರಿಗೆ ಮತ್ತೆ ಜೆಲ್ ಹಾಕಲೇಬೇಡಿ.

ಬಿದ್ದ ತುಂಡನ್ನು ಎಸೆಯಬೇಡಿ

ಇದು ಖರ್ಚೇ ಇಲ್ಲದ ಪರೀಕ್ಷೆ. ಕಳಚಿ ಬಿದ್ದ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಮೈ ನೋಡಿ.

ಒಳಮೈ ನುಣ್ಣಗೆ ಹೊಳೆಯುತ್ತಿದ್ದರೆ ಜೆಲ್ ಉಗುರಿಗೆ ಹಿಡಿದೇ ಇರಲಿಲ್ಲ. ಉಗುರಿನ ಹೊಳಪು ತೆಗೆದಿರಲಿಲ್ಲ, ಇಲ್ಲವೇ ಎಣ್ಣೆ, ನೀರಿನ ಪಸೆ ಉಳಿದಿತ್ತು. ಬುಡದ ಕಡೆ ಮಾತ್ರ ತೆಳ್ಳನೆ ಪೊರೆ ಅಂಟಿದ್ದರೆ ಅದು ತೆಗೆಯದೆ ಬಿಟ್ಟ ಕ್ಯುಟಿಕಲ್, ಅಂದರೆ ಉಗುರಿನ ಮೇಲೆ ಅಂಟಿದ ಸತ್ತ ಪೊರೆ. ಚೂರಿನ ಉದ್ದಕ್ಕೂ ಬಿಳಿ ಪದರ ಮೆತ್ತಿಕೊಂಡಿದ್ದರೆ ಜೆಲ್ ಚೆನ್ನಾಗಿಯೇ ಹಿಡಿದಿತ್ತು, ಉಗುರಿನ ಮೇಲ್ಪದರವೇ ಕಿತ್ತು ಬಂದಿದೆ. ಯಾರೋ ಎಬ್ಬಿ ತೆಗೆದಿದ್ದಾರೆ, ಇಲ್ಲವೇ ಉಗುರು ಮೊದಲೇ ಸವೆದು ಹೋಗಿತ್ತು. ಒಳಮೈ ಅಂಟಂಟಾಗಿ ಮೆತ್ತಗಿದ್ದರೆ ಜೆಲ್ ಕ್ಯೂರ್ ಆಗಿಲ್ಲ, ಅಂದರೆ ಲ್ಯಾಂಪಿನ ಬೆಳಕಿಗೆ ಪೂರ್ತಿ ಗಟ್ಟಿಯಾಗಿಲ್ಲ. ಇದನ್ನು ಬರಿಗೈಲಿ ಒತ್ತಿ ನೋಡಬೇಡಿ. ಕಡ್ಡಿಯಿಂದ ಕೆರೆದರೆ ಗೊತ್ತಾಗುತ್ತದೆ.

ಎಷ್ಟು ಬೆರಳಿನದು ಹೋಗಿದೆ ಅಂತಲೂ ಲೆಕ್ಕ ಹಾಕಿ. ಹತ್ತೂ ಬೆರಳಿನದು ಎದ್ದರೆ ಹಾಕಿದ ವಿಧಾನದಲ್ಲೋ ಲ್ಯಾಂಪ್‌ನಲ್ಲೋ ತೊಂದರೆ. ಎರಡೂ ಹೆಬ್ಬೆರಳಿನದು ಮಾತ್ರ ಎದ್ದರೆ ಲ್ಯಾಂಪ್ ಒಳಗೆ ಕೈ ಇಟ್ಟ ರೀತಿ ಸರಿ ಇರಲಿಲ್ಲ. ಬಲಗೈ ತೋರುಬೆರಳು ಮಾತ್ರವಾದರೆ ಆ ಬೆರಳಿನಿಂದ ದಿನವಿಡೀ ಏನು ಮಾಡುತ್ತೀರಿ ಅಂತ ಯೋಚಿಸಿ. ಇನ್ನು ಎರಡು ವಾರ ಕಳೆದ ಮೇಲೆ ಬುಡದಲ್ಲಿ ಸ್ವಲ್ಪ ಏಳುವುದು ದೋಷವೇ ಅಲ್ಲ. ಉಗುರು ಬೆಳೆದಿದೆ, ರೀಫಿಲ್ ಮಾಡಿಸುವ (ಬೆಳೆದ ಜಾಗಕ್ಕೆ ಜೆಲ್ ತುಂಬಿಸುವ) ಹೊತ್ತು ಬಂದಿದೆ, ಅಷ್ಟೇ.

"ಬುಡದಲ್ಲಿ ಎದ್ದಿದೆ, ತಲೆ ಬಾಚುವಾಗ ಕೂದಲು ಸಿಕ್ಕಿಹಾಕಿಕೊಳ್ಳುತ್ತೆ"

ನಾನು ಜಾಸ್ತಿ ಕೇಳುವ ದೂರು ಇದು. ಕಾರಣ ಎರಡೇ.

ಮೊದಲನೆಯದು ಕ್ಯುಟಿಕಲ್. ಉಗುರಿನ ಬುಡದಲ್ಲಿ ಮಡಚಿಕೊಂಡಿರುವ ಚರ್ಮಕ್ಕೇ ಹಲವರು ಕ್ಯುಟಿಕಲ್ ಅನ್ನುತ್ತಾರೆ. ಆ ಚರ್ಮಕ್ಕೆ ಜೀವ ಇದೆ. ಸೋಂಕು ಒಳಗೆ ಹೋಗದಂತೆ ಅದು ಕಾಯುತ್ತದೆ, ಅದನ್ನು ಕತ್ತರಿಸಬಾರದು. ನಾವು ತೆಗೆಯಬೇಕಾದ್ದು ಆ ಮಡಿಕೆಯ ಕೆಳಗಿನಿಂದ ಬಂದು ಉಗುರಿನ ಮೇಲೆ ಅಂಟಿಕೊಂಡಿರುವ ಸತ್ತ ಪೊರೆಯನ್ನು. ಅದು ಸುಲಭಕ್ಕೆ ಕಣ್ಣಿಗೆ ಕಾಣುವುದಿಲ್ಲ. ಒಣ ಉಗುರಿನ ಮೇಲೆ ಪುಷರ್ (ಪೊರೆ ತಳ್ಳುವ ಚಪ್ಪಟೆ ತುದಿಯ ಸಾಧನ) ಅನ್ನು ಓರೆಯಾಗಿ ಹಿಡಿದು ಮೆಲ್ಲಗೆ ತಳ್ಳಿದರೆ ಬಿಳಿ ಹೊಟ್ಟಿನಂತೆ ಏಳುತ್ತದೆ. ಎರಡು ಪಕ್ಕದ ಮೂಲೆಗಳಲ್ಲಿ ಇನ್ನೂ ಉಳಿದಿರುತ್ತದೆ, ಅಲ್ಲೇ ಎಲ್ಲರೂ ಅವಸರ ಮಾಡುವುದು. ಹೊಟ್ಟು ಏಳುವುದು ನಿಂತ ಮೇಲೆ ಬ್ರಷ್‌ನಿಂದ ಕೊಡವಿ, ಉಗುರನ್ನು ವಾರೆ ಮಾಡಿ ಬೆಳಕಿಗೆ ಹಿಡಿಯಿರಿ. ಬುಡದಲ್ಲಿ ಇನ್ನೂ ಮಸುಕು ಕಂಡರೆ ಪೊರೆ ಹೋಗಿಲ್ಲ.

ಎರಡನೆಯದು ಚರ್ಮಕ್ಕೆ ತಾಗಿದ ಜೆಲ್. ಜೆಲ್ ಚರ್ಮದ ಮೇಲೆ ಹರಿದು ಅಲ್ಲೇ ಗಟ್ಟಿಯಾದರೆ, ಚರ್ಮ ಅಲುಗಿದಾಗೆಲ್ಲ ಅದು ಮೇಲೇಳುತ್ತದೆ. ಒಂದು ಕಡೆ ಬಾಯಿ ಬಿಟ್ಟರೆ ನೀರು ಒಳಗೆ ಹೋಗಿ ಉಳಿದದ್ದನ್ನೂ ಬಿಡಿಸುತ್ತದೆ. ಅದಕ್ಕೇ ಬುಡದಲ್ಲೂ ಪಕ್ಕದಲ್ಲೂ ಕೂದಲೆಳೆಯಷ್ಟು ಜಾಗ ಬಿಡಬೇಕು. ತಾಗಿದರೆ ಲ್ಯಾಂಪ್‌ಗೆ ಇಡುವ ಮೊದಲೇ ಮರದ ಕಡ್ಡಿಗೆ ಸ್ವಲ್ಪ ಆಲ್ಕೋಹಾಲ್ ಅದ್ದಿ ಒರೆಸಿ. ಹೊಸಬರು ಬ್ರಷ್ ತುಂಬ ಜೆಲ್ ತೆಗೆದುಕೊಂಡು ನೇರ ಬುಡಕ್ಕೆ ಇಡುತ್ತಾರೆ. ಬ್ರಷ್‌ನ ಒಂದು ಮೈಯನ್ನು ಬಾಟಲಿಯ ಬಾಯಿಗೆ ಪೂರ್ತಿ ಒರೆಸಿ, ಉಗುರಿನ ನಡುವೆ ಇಟ್ಟು, ಅಲ್ಲಿಂದ ಬುಡದ ಕಡೆಗೆ ನಿಧಾನವಾಗಿ ತಳ್ಳಿ. ಈ ಇಡೀ ಬರಹದಲ್ಲಿ ಒಂದೇ ಒಂದು ಅಭ್ಯಾಸ ಹಿಡಿದುಕೊಳ್ಳುವುದಾದರೆ ಇದನ್ನೇ ಹಿಡಿದುಕೊಳ್ಳಿ. ಯಾಕೆ ಅಂತ ತುರಿಕೆಯ ಭಾಗದಲ್ಲಿ ಹೇಳುತ್ತೇನೆ.

ಎದ್ದ ಜಾಗದೊಳಗೆ ಅಂಟು ಬಿಟ್ಟು ಒತ್ತಬೇಡಿ, ಅದರ ಮೇಲೆ ಇನ್ನೊಂದು ಕೋಟ್ ಕೊಡಬೇಡಿ. ಒಳಗಿನ ತೇವ ಒಳಗೇ ಉಳಿಯುತ್ತದೆ. ಎದ್ದಿರುವಷ್ಟನ್ನು ಉಗುರು ಉಜ್ಜುವ ಫೈಲ್‌ನಿಂದ ತೆಗೆದು, ಉಗುರಿಗೂ ಜೆಲ್‌ಗೂ ನಡುವಿನ ಗೆರೆ ಕಾಣದಂತೆ ಮಾಡಿ, ಆಮೇಲೆ ತುಂಬಿ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಎದ್ದಿದ್ದರೆ ಪೂರ್ತಿ ತೆಗೆದು ಹೊಸದಾಗಿ ಹಾಕುವುದೇ ವಾಸಿ.

"ಇಡೀ ಜೆಲ್ ಒಂದೇ ತುಂಡಾಗಿ ಬಂತು"

ಎಣ್ಣೆ, ನೀರು. ಇವೆರಡನ್ನು ಬಿಟ್ಟು ಬೇರೆ ಕಡೆ ಹುಡುಕುವುದು ಆಮೇಲೆ.

ನಮ್ಮ ಕಡೆ ಕೈಗೆ ಎಣ್ಣೆ ತಾಗದ ದಿನ ಕಡಿಮೆ. ಹಲಸಿನಹಣ್ಣು ಬಿಡಿಸುವ ಮೊದಲು ಮೇಣ ಅಂಟದಿರಲಿ ಅಂತ ಎರಡೂ ಕೈಗೆ ಕೊಬ್ಬರಿ ಎಣ್ಣೆ ಬಳಿದುಕೊಳ್ಳುತ್ತೇವೆ. ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡುತ್ತೇವೆ. ಸಂಜೆ ಸೋಪಿನಲ್ಲಿ ಕೈ ತೊಳೆದರೂ ಉಗುರಿನ ಸಂದಿಯಲ್ಲಿ ಪಸೆ ಉಳಿದಿರುತ್ತದೆ. ಆ ದಿನ ಜೆಲ್ ಹಾಕಬೇಡಿ, ಮಾರನೆ ದಿನ ಹಾಕಿ.

ನೀರಿನ ವಿಷಯ ಇನ್ನೂ ಮುಖ್ಯ. ಉಗುರು ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಮತ್ತೆ ಕುಗ್ಗುತ್ತದೆ. ಉಬ್ಬಿದ ಉಗುರಿನ ಮೇಲೆ ಹಾಕಿದ ಜೆಲ್, ಉಗುರು ಕುಗ್ಗಿದಾಗ ಜೊತೆಗೆ ಅಷ್ಟೇ ಕುಗ್ಗುವುದಿಲ್ಲ, ಬಿಟ್ಟುಕೊಳ್ಳುತ್ತದೆ. ಹಾಗಾಗಿ ಬಿಸಿನೀರಿನಲ್ಲಿ ಕೈ ನೆನೆಸುವ ಮೆನಿಕ್ಯೂರ್ ಮುಗಿಸಿ ತಕ್ಷಣ ಜೆಲ್ ಹಾಕುವ ಪದ್ಧತಿ ಸರಿಯಲ್ಲ. ಪಾತ್ರೆ ತೊಳೆದು, ಬಟ್ಟೆ ಒಗೆದು ನೇರ ಬಂದು ಕೂರುವುದೂ ಬೇಡ. ಒಂದೆರಡು ಗಂಟೆಯಾದರೂ ಕೈ ಒಣಗಿರಲಿ.

ಮಳೆಗಾಲದಲ್ಲಿ ಜೆಲ್ ನಿಲ್ಲುವುದೇ ಇಲ್ಲ ಅನ್ನುವವರಿದ್ದಾರೆ. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ, ಜುಲೈನಲ್ಲಿ ಗೋಡೆಯೇ ಬೆವರುತ್ತದೆ. ಆದರೂ ಗಾಳಿಯ ತೇವ ಜೆಲ್ ಗಟ್ಟಿಯಾಗುವುದನ್ನು ತಡೆಯುವುದಿಲ್ಲ. ಜೆಲ್ ಗಟ್ಟಿಯಾಗುವುದು ಲ್ಯಾಂಪಿನ ಬೆಳಕಿನಿಂದ. ತೊಂದರೆ ಕೊಡುವುದು ಒದ್ದೆ ಕೈ, ಬೆವರಿದ ಅಂಗೈ, ಆರದ ಉಗುರು. ಮಳೆಗಾಲದಲ್ಲಿ ಒಂದೊಂದೇ ಕೈ ತಯಾರು ಮಾಡಿ. ಹತ್ತೂ ಬೆರಳಿಗೆ ಡಿಹೈಡ್ರೇಟರ್ (ಉಗುರಿನ ಪಸೆ ಆರಿಸುವ ದ್ರವ) ಹಚ್ಚಿಟ್ಟು ಮೊದಲ ಬೆರಳಿಗೆ ಬೇಸ್ ಕೋಟ್ (ಎಲ್ಲಕ್ಕಿಂತ ಕೆಳಗಿನ ಪದರ) ಹಚ್ಚಲು ಕೂತರೆ, ಹತ್ತನೆಯದಕ್ಕೆ ಬರುವಷ್ಟರಲ್ಲಿ ಅದು ಮತ್ತೆ ಪಸೆ ಎಳೆದುಕೊಂಡಿರುತ್ತದೆ.

ತಯಾರಿ ಹೀಗಿರಲಿ. 180 ಗ್ರಿಟ್ ಫೈಲ್‌ನಲ್ಲಿ (ಸಂಖ್ಯೆ ಜಾಸ್ತಿಯಾದಷ್ಟೂ ಫೈಲ್ ನಯ) ಹೊಳಪು ಮಾತ್ರ ಹೋಗುವಷ್ಟು ಉಜ್ಜಿ. ಉಗುರು ತೆಳುವಾಗಿದ್ದರೆ 240 ಸಾಕು. ಧೂಳು ಕೊಡವಿ, ನಾರು ಬಿಡದ ವೈಪ್‌ನಲ್ಲಿ ಆಲ್ಕೋಹಾಲ್ ಹಾಕಿ ಒರೆಸಿ. ಹತ್ತಿ ಬೇಡ, ಅದರ ಎಳೆ ಜೆಲ್ ಒಳಗೆ ಸಿಕ್ಕಿಕೊಳ್ಳುತ್ತದೆ. ಒರೆಸಿದ ಮೇಲೆ ಯಾರೂ ಆ ಉಗುರನ್ನು ಮುಟ್ಟಬಾರದು. "ನುಣ್ಣಗಾಯ್ತಾ ನೋಡೋಣ" ಅಂತ ಹೆಬ್ಬೆರಳಲ್ಲಿ ಸವರಿ ನೋಡುವ ಅಭ್ಯಾಸ ಎಷ್ಟು ಜನರಿಗಿದೆ ಗೊತ್ತಾ? ಅಲ್ಲಿಗೆ ಎಣ್ಣೆ ಮತ್ತೆ ಬಂತು. ಜೆಲ್ ಹಿಡಿಯಲಿ ಅಂತ ಬೇಸ್‌ಗೂ ಮೊದಲು ಹಚ್ಚುವ ಆಸಿಡ್ ಇರುವ ಪ್ರೈಮರ್ ಚರ್ಮಕ್ಕೆ ತಾಗಿದರೆ ಸುಡುತ್ತದೆ, ಕಲಿಯುವವರು ಅದರ ತಂಟೆಗೆ ಹೋಗುವುದು ಬೇಡ.

"ತುದಿ ಚೂರುಚೂರಾಗ್ತಿದೆ"

ಉಗುರಿನ ತುದಿಯ ಅಂಚಿಗೂ ಜೆಲ್ ಸವರಿ ಮುಚ್ಚಿದ್ದೀರಾ ನೋಡಿ. ಬೇಸ್, ಬಣ್ಣ, ಟಾಪ್ (ಕೊನೆಯ ಹೊಳಪಿನ ಪದರ) ಮೂರಕ್ಕೂ ಇದು ಬೇಕು. ಅಂಚು ತೆರೆದಿದ್ದರೆ ಅಲ್ಲಿಂದಲೇ ನೀರು ಹತ್ತುತ್ತದೆ.

ಅಂಚು ಮುಚ್ಚಿಯೂ ಹೋಗುತ್ತಿದ್ದರೆ ಕಾರಣ ಕೆಲಸ. ಡಬ್ಬಿ ಮುಚ್ಚಳ ಎಬ್ಬುವುದು, ಬೆಳ್ಳುಳ್ಳಿ ಸುಲಿಯುವುದು, ಕೊಯ್ಲಿನ ಹೊತ್ತಿನಲ್ಲಿ ರಾತ್ರಿವರೆಗೆ ಅಡಿಕೆ ಸುಲಿಯುವುದು, ಇವಕ್ಕೆಲ್ಲ ಉದ್ದ ಉಗುರು ತಡೆಯುವುದಿಲ್ಲ. ಮನೆಯಲ್ಲಿ ಅಡಿಕೆ ಕೊಯ್ಲು ಇರುವವರಿಗೆ ಆ ತಿಂಗಳುಗಳಲ್ಲಿ ಬೆರಳ ತುದಿಯಷ್ಟೇ ಉದ್ದ ಸಾಕು ಅಂತ ನಾನು ಮೊದಲೇ ಹೇಳಿಬಿಡುತ್ತೇನೆ. ಎಕ್ಸ್‌ಟೆನ್ಶನ್ (ಉಗುರಿಗೆ ಕೃತಕ ಉದ್ದ ಕೊಡುವುದು) ಬೇಕೇ ಬೇಕು ಅಂದರೆ ಕೊಯ್ಲು ಮುಗಿಯಲಿ.

"ನಡುವೆ ಅಡ್ಡ ಬಿರುಕು ಬಿಟ್ಟಿದೆ"

ಉಗುರು ಬೆರಳಿನಿಂದ ಬಿಡುವ ಗೆರೆ ಇದೆಯಲ್ಲ, ಹೊಡೆತ ಬೀಳುವುದು ಅಲ್ಲಿ. ಎಕ್ಸ್‌ಟೆನ್ಶನ್ ಮಾಡಿದಾಗ ಜೆಲ್ ಎಲ್ಲ ಕಡೆ ಒಂದೇ ದಪ್ಪ ಇದ್ದರೆ ಆ ಗೆರೆಯಲ್ಲೇ ಮುರಿಯುತ್ತದೆ. ಹೆಂಚಿನ ಮನೆಯ ಮಾಡು ನೋಡಿ, ನಡುವೆ ಎತ್ತರ, ಎರಡೂ ಕಡೆ ಇಳಿಜಾರು. ಜೆಲ್ ಕೂಡ ಹಾಗೇ ಕೂರಬೇಕು. ಒತ್ತಡದ ಜಾಗದ ಆಸುಪಾಸಿನಲ್ಲಿ ಎತ್ತರ, ಬುಡಕ್ಕೂ ಪಕ್ಕಕ್ಕೂ ತುದಿಗೂ ತೆಳು. ಬೆರಳನ್ನು ಕಣ್ಣಿನ ಮಟ್ಟಕ್ಕೆ ತಂದು ಪಕ್ಕದಿಂದ ನೋಡಿದರೆ ಏರು ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಬಿರುಕು ಕೆಳಗಿನ ಉಗುರಿಗೂ ಇಳಿದು ರಕ್ತ ಬಂದಿದ್ದರೆ ಮೇಲೆ ಏನೂ ಹಚ್ಚದೆ ಡಾಕ್ಟರಿಗೆ ತೋರಿಸಿ.

"ಮೇಲೆ ಸುಕ್ಕು, ಒಳಗೆ ಮೆತ್ತಗೆ, ಎಷ್ಟು ಹೊತ್ತು ಇಟ್ಟರೂ ಅಂಟು"

ಕ್ಯೂರ್ ಆದ ಮೇಲೂ ಮೇಲ್ಮೈ ತೆಳ್ಳಗೆ ಅಂಟುವುದು ಸಹಜ. ಗಾಳಿಯ ಆಮ್ಲಜನಕ ಮೇಲಿನ ಪದರ ಪೂರ್ತಿ ಗಟ್ಟಿಯಾಗಲು ಬಿಡುವುದಿಲ್ಲ. ಆಲ್ಕೋಹಾಲ್‌ನಲ್ಲಿ ಒರೆಸಿದರೆ ಹೋಗುತ್ತದೆ. ಒರೆಸಿದ ಮೇಲೂ ಅಂಟಿದರೆ, ಒತ್ತಿದಾಗ ತಗ್ಗು ಬಿದ್ದರೆ, ಸುಕ್ಕಾದರೆ ಅದು ದೋಷ.

ಮೊದಲು ಕೋಟ್ ದಪ್ಪ ನೋಡಿ. ಕಪ್ಪು, ಕಡು ನೀಲಿ, ಅಚ್ಚ ಬಿಳಿ ಬಣ್ಣಗಳು ಬೆಳಕನ್ನು ಒಳಗೆ ಬಿಡುವುದು ಕಡಿಮೆ. ಒಂದೇ ದಪ್ಪ ಕೋಟ್ ಕೊಟ್ಟರೆ ಮೇಲೆ ಗಟ್ಟಿ, ಕೆಳಗೆ ಹಸಿ. ತೆಳ್ಳಗೆ ಎರಡು ಮೂರು ಸಲ ಹಚ್ಚಿ, ಪ್ರತಿ ಸಲ ಪೂರ್ತಿ ಹೊತ್ತು ಲ್ಯಾಂಪ್ ಕೊಡಿ. ಡಿಸೆಂಬರ್, ಜನವರಿಯ ಚಳಿ ಬೆಳಿಗ್ಗೆಗಳಲ್ಲಿ ಜೆಲ್ ಬಾಟಲಿಯಲ್ಲೇ ಮಂದವಾಗಿರುತ್ತದೆ, ಗೊತ್ತಿಲ್ಲದೆ ದಪ್ಪ ಬೀಳುತ್ತದೆ. ಮುಚ್ಚಳ ಬಿಗಿ ಮಾಡಿ ಬಾಟಲಿಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡರೆ ಸಡಿಲಾಗುತ್ತದೆ. ಬಾಟಲಿಯನ್ನು ಕಿಟಕಿಯ ಹತ್ತಿರ ಇಡಬೇಡಿ, ಬಿಸಿಲಿಗೂ ಜೆಲ್ ಗಟ್ಟಿಯಾಗುತ್ತದೆ.

ಹೆಬ್ಬೆರಳು ಲ್ಯಾಂಪ್‌ನಲ್ಲಿ ವಾರೆಯಾಗಿ ಕೂರುತ್ತದೆ, ಬೆಳಕು ಒಂದು ಪಕ್ಕಕ್ಕೆ ಮಾತ್ರ ಬೀಳುತ್ತದೆ. ನಾಲ್ಕು ಬೆರಳು ಮುಗಿಸಿ, ಎರಡೂ ಹೆಬ್ಬೆರಳನ್ನು ಬೇರೆಯಾಗಿ ಚಪ್ಪಟೆ ಇಟ್ಟು ಕ್ಯೂರ್ ಮಾಡಿ.

ಕರೆಂಟ್ ಹೋಗುವುದು ಮಲೆನಾಡಿನಲ್ಲಿ ಹೊಸದಲ್ಲ. ನಡುವೆ ಲ್ಯಾಂಪ್ ಆರಿದರೆ ಉಳಿದ ಸೆಕೆಂಡ್ ಲೆಕ್ಕ ಹಾಕಬೇಡಿ, ಮೊದಲಿನಿಂದ ಪೂರ್ತಿ ಹೊತ್ತು ಕೊಡಿ. ಬ್ಯಾಟರಿ ಲ್ಯಾಂಪ್ ಇರುವವರು ಚಾರ್ಜ್ ತುಂಬಿಸಿಯೇ ಕೂರಿ.

ಇಷ್ಟಾದರೂ ಸರಿ ಹೋಗದಿದ್ದರೆ ಲ್ಯಾಂಪನ್ನೇ ಪರೀಕ್ಷಿಸಬೇಕು. ಒಳಗಿನ ಬೆಳಕನ್ನು ಕಣ್ಣಿಟ್ಟು ನೋಡಬೇಡಿ. ಮೊಬೈಲ್ ಒಳಗಿಟ್ಟು ಫೋಟೊ ತೆಗೆದರೆ ಯಾವ ಬಲ್ಬ್ ಹೋಗಿದೆ ಅಂತ ಗೊತ್ತಾಗುತ್ತದೆ. ಬಲ್ಬ್‌ಗಳ ಮೇಲೆ ಜೆಲ್ ಮೆತ್ತಿದ್ದರೆ ಪ್ಲಗ್ ತೆಗೆದು ಒರೆಸಿ. ಆಮೇಲೆ ಪಾರದರ್ಶಕ ಪ್ಲಾಸ್ಟಿಕ್ ಟಿಪ್ (ಕೃತಕ ಉಗುರು) ಮೇಲೆ ಅದೇ ಜೆಲ್ ತೆಳ್ಳಗೆ ಹಚ್ಚಿ, ಹೇಳಿದಷ್ಟು ಹೊತ್ತು ಕ್ಯೂರ್ ಮಾಡಿ, ಆಲ್ಕೋಹಾಲ್‌ನಲ್ಲಿ ಒರೆಸಿ ಕಡ್ಡಿಯಿಂದ ಕೆರೆಯಿರಿ. ಹಸಿ ಜೆಲ್ ಬಂದರೆ ಲ್ಯಾಂಪ್ ಸಾಲದು.

ಡಬ್ಬಿಯ ಮೇಲೆ 48 ವ್ಯಾಟ್ ಅಂತ ದಪ್ಪಕ್ಷರದಲ್ಲಿ ಇದ್ದ ಮಾತ್ರಕ್ಕೆ ಲ್ಯಾಂಪ್ ಒಳ್ಳೆಯದು ಅನ್ನಬೇಡಿ. ವ್ಯಾಟ್ ಅಂದರೆ ಎಳೆಯುವ ಕರೆಂಟಿನ ಲೆಕ್ಕ. ಜೆಲ್‌ಗೆ ಬೇಕಾದ್ದು ಸರಿಯಾದ ಅಲೆಯ ಬೆಳಕು, ಸಾಮಾನ್ಯವಾಗಿ 365 ಮತ್ತು 405 ನ್ಯಾನೊಮೀಟರ್ ಆಸುಪಾಸಿನದು. ಪ್ರತಿ ಕಂಪನಿಯ ಜೆಲ್ ತನ್ನದೇ ಬೆಳಕು, ತನ್ನದೇ ಸಮಯ ಕೇಳುತ್ತದೆ. ಜೆಲ್ ತಯಾರಿಸಿದವರೇ ಹೇಳಿದ ಲ್ಯಾಂಪ್ ತೆಗೆದುಕೊಳ್ಳುವುದು ದುಬಾರಿಯಾದರೂ ಸರಿಯಾದ ದಾರಿ. ಹಳೆ ಟ್ಯೂಬಿನ ಯುವಿ (ಅತಿನೇರಳೆ ಬೆಳಕಿನ) ಲ್ಯಾಂಪ್ ಆದರೆ, ಉರಿಯುತ್ತಿದ್ದರೂ ಟ್ಯೂಬಿನ ಶಕ್ತಿ ದಿನಕಳೆದಂತೆ ಇಳಿಯುತ್ತದೆ, ಬದಲಿಸಬೇಕು.

ಲ್ಯಾಂಪ್‌ನ ಬೆಳಕು ಯುವಿ ಆದ್ದರಿಂದ ಬೆರಳ ತುದಿ ಮಾತ್ರ ತೆರೆದಿರುವ ಗ್ಲೌಸ್ ಹಾಕಿಕೊಳ್ಳಿ. ಮೊಡವೆಗೆ ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನು ಕೇಳದೆ ಲ್ಯಾಂಪ್‌ಗೆ ಕೈ ಇಡಬೇಡಿ. ಆ ಔಷಧ ಇರುವಾಗ ಯುವಿ ಬಿದ್ದರೆ ಉಗುರು ಕೆಳಗಿನ ಚರ್ಮದಿಂದ ಬಿಡುವುದುಂಟು.

"ಲ್ಯಾಂಪ್‌ಗೆ ಇಟ್ಟ ತಕ್ಷಣ ಚುರ್ ಅಂತ ಸುಡುತ್ತೆ"

ಜೆಲ್ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ದಪ್ಪ ಹಾಕಿದಷ್ಟೂ ಜಾಸ್ತಿ. ತಡೆದುಕೊಂಡು ಕೂರಬೇಡಿ, ಕೈ ಹೊರಗೆ ತೆಗೆದು, ಆರಿದ ಮೇಲೆ ಮತ್ತೆ ಇಡಿ. ತೆಳು ಕೋಟಿಗೂ ಸುಡುತ್ತಿದ್ದರೆ ಉಗುರು ಜಾಸ್ತಿ ಸವೆದಿದೆ. ಡ್ರಿಲ್ ಮೆಷಿನ್ ಒಂದೇ ಕಡೆ ಒತ್ತಿದಲ್ಲಿ ಉಗುರಿನಲ್ಲಿ ಕೆಂಪು ಗೆರೆ ಕಾಣುತ್ತದೆ, ಮುಟ್ಟಿದರೆ ನೋಯುತ್ತದೆ. ಅದು ಬೆಳೆದು ಹೋಗುವವರೆಗೆ ಆ ಬೆರಳಿಗೆ ಜೆಲ್ ಬೇಡ.

"ಬಣ್ಣ ಹಳದಿಯಾಯ್ತು"

ಅರಿಶಿನ. ತಿಳಿ ಬಣ್ಣದ ಟಾಪ್ ಕೋಟ್ ಅರಿಶಿನವನ್ನು ಬೇಗ ಹೀರುತ್ತದೆ. ಮದುವೆಯ ಅರಿಶಿನ ಶಾಸ್ತ್ರ ಮುಗಿದ ಮೇಲೆ ಜೆಲ್ ಹಾಕಿಸಿ, ಇಲ್ಲವೇ ಕಡು ಬಣ್ಣ ಆರಿಸಿ. ಬಿಸಿಲಿಗೆ ಅರಿಶಿನದ ಕಲೆ ತಾನಾಗಿ ಮಾಸುತ್ತದೆ.

"ಒಳಗೆ ಹಸಿರು ಕಲೆ"

ಎದ್ದ ಜೆಲ್ ಸಂದಿಯಲ್ಲಿ ನೀರು ನಿಂತು ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆದರೆ ಹೀಗಾಗುತ್ತದೆ. ಹೆಚ್ಚಿನವರು ಫಂಗಸ್ ಅಂದುಕೊಳ್ಳುತ್ತಾರೆ. ಕಡು ಬಣ್ಣ ಹಚ್ಚಿ ಮುಚ್ಚುವುದು ದೊಡ್ಡ ತಪ್ಪು. ಜೆಲ್ ಪೂರ್ತಿ ತೆಗೆದು ಉಗುರನ್ನು ಒಣದಾಗಿಟ್ಟು ಚರ್ಮದ ಡಾಕ್ಟರಿಗೆ ತೋರಿಸಿ. ಪಾರ್ಲರ್ ನಡೆಸುವವರು ಆ ಉಗುರಿಗೆ ಬಳಸಿದ ಫೈಲ್ ಎಸೆದುಬಿಡಿ, ಬೇರೆಯವರಿಗೆ ಬಳಸಬೇಡಿ.

"ಉಗುರಿನ ಸುತ್ತ ತುರಿಕೆ, ಸಣ್ಣ ಗುಳ್ಳೆ"

ಇಲ್ಲಿ ಕೆಲಸ ನಿಲ್ಲಿಸಿ. ಇದು ಅಲರ್ಜಿ ಇರಬಹುದು. ಜೆಲ್‌ನ ಮೂಲ ಸಾಮಗ್ರಿ ಅಕ್ರಿಲೇಟ್, ಮೆಥಾಕ್ರಿಲೇಟ್ ಜಾತಿಯ ರಾಸಾಯನಿಕಗಳು. ಅದರಲ್ಲೂ ಹೆಮಾ (HEMA) ಎಂಬುದು ಅಲರ್ಜಿಗೆ ಹೆಸರುವಾಸಿ. ಹಸಿ ಜೆಲ್ ಚರ್ಮಕ್ಕೆ ಪದೇ ಪದೇ ತಾಗುತ್ತಿದ್ದರೆ ಒಂದು ದಿನ ದೇಹ ಅದನ್ನು ಗುರುತು ಹಿಡಿದು ತಿರುಗಿ ಬೀಳುತ್ತದೆ. ತಿಂಗಳುಗಟ್ಟಲೆ ಏನೂ ಆಗದೆ ಆಮೇಲೆ ಶುರುವಾಗುತ್ತದೆ, ಅದಕ್ಕೇ ಜನ ಜೆಲ್ ಮೇಲೆ ಸಂಶಯ ಪಡುವುದಿಲ್ಲ. ಬೆರಳಿನಲ್ಲಿ ಮಾತ್ರ ಬರುತ್ತದೆ ಅಂತಲೂ ಇಲ್ಲ. ಆ ಕೈಯಿಂದ ಮುಖ ಮುಟ್ಟಿದಾಗ ಕಣ್ಣಿನ ರೆಪ್ಪೆ ಊದಿ ತುರಿಸುತ್ತದೆ.

ಒಮ್ಮೆ ಬಂದ ಅಲರ್ಜಿ ಸಾಮಾನ್ಯವಾಗಿ ಜೀವನ ಪೂರ್ತಿ ಉಳಿಯುತ್ತದೆ. ಇದೇ ಜಾತಿಯ ರಾಸಾಯನಿಕಗಳು ಹಲ್ಲಿನ ಫಿಲ್ಲಿಂಗ್‌ನಲ್ಲಿ, ಮಂಡಿ ಬದಲಿಸುವಾಗ ಹಾಕುವ ಮೂಳೆ ಸಿಮೆಂಟ್‌ನಲ್ಲಿ ಇವೆ. ಇಪ್ಪತ್ತರ ಹುಡುಗಿಗೆ ಉಗುರಿನಿಂದ ಬಂದ ಅಲರ್ಜಿ ಅರವತ್ತರಲ್ಲಿ ಆಪರೇಷನ್ ಹೊತ್ತಿಗೆ ತೊಡಕಾಗಬಹುದು. ಚರ್ಮಕ್ಕೆ ತಾಗಿಸಬೇಡಿ, ಪೂರ್ತಿ ಕ್ಯೂರ್ ಮಾಡಿ ಅಂತ ಇಷ್ಟು ಒತ್ತಿ ಹೇಳಿದ್ದು ಇದಕ್ಕೇ. ಯುರೋಪಿಯನ್ ಒಕ್ಕೂಟದಲ್ಲಿ ಹೆಮಾ ಇರುವ ಉಗುರಿನ ಸಾಮಗ್ರಿ ವೃತ್ತಿಪರರ ಬಳಕೆಗೆ ಮಾತ್ರ. ಜೆಲ್ ಗಟ್ಟಿಯಾಗಲು ಹಾಕುವ ಟಿಪಿಒ (TPO) ಎಂಬುದನ್ನು ಅಲ್ಲಿ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದ್ದಾರೆ. ಸಾಮಗ್ರಿಗಳ ಪಟ್ಟಿಯೇ ಇಲ್ಲದ ಅಗ್ಗದ ಬಾಟಲಿ ಕೊಳ್ಳಬೇಡಿ. ಹೆಮಾ ಇಲ್ಲ ಅಂತ ಬರೆದಿದ್ದರೂ ಬೇರೆ ಅಕ್ರಿಲೇಟ್‌ಗಳು ಇದ್ದೇ ಇರುತ್ತವೆ, ಅದೇ ಎಚ್ಚರಿಕೆ ಬೇಕು.

ತುರಿಕೆ ಕಂಡರೆ ಜೆಲ್ ತೆಗೆಸಿ. ಬ್ರ್ಯಾಂಡ್ ಬದಲಿಸಿ ನೋಡೋಣ ಅನ್ನಬೇಡಿ. ಚರ್ಮದ ಡಾಕ್ಟರ್ ಪ್ಯಾಚ್ ಟೆಸ್ಟ್ (ಚರ್ಮದ ಮೇಲೆ ಅಂಟಿಸಿ ನೋಡುವ ಅಲರ್ಜಿ ಪರೀಕ್ಷೆ) ಮಾಡಿ ಯಾವುದಕ್ಕೆ ಅಲರ್ಜಿ ಅಂತ ಹೇಳುತ್ತಾರೆ. ಬಾಟಲಿ ಜೊತೆಗೆ ಒಯ್ಯಿರಿ. ಶಿವಮೊಗ್ಗದಲ್ಲಿ ಖಾಸಗಿ ಡಾಕ್ಟರುಗಳ ಜೊತೆ ಮೆಗ್ಗಾನ್ ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗ ಇದೆ. ದಿನವಿಡೀ ಇದೇ ಕೆಲಸ ಮಾಡುವವರು ನೈಟ್ರೈಲ್ ಗ್ಲೌಸ್ ಹಾಕಿ. ಜೆಲ್ ತಾಗಿದ ತಕ್ಷಣ ಗ್ಲೌಸ್ ಬದಲಿಸಿ, ಅದರೊಳಗೂ ಅಕ್ರಿಲೇಟ್ ಇಳಿಯುತ್ತದೆ. ಫೈಲ್ ಮಾಡುವಾಗ ಮಾಸ್ಕ್ ಇರಲಿ, ಕಿಟಕಿ ತೆರೆದಿರಲಿ.

ಎಲ್ಲ ಸರಿ ಮಾಡಿಯೂ ನಿಲ್ಲದಿದ್ದರೆ

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಡಗೈಗೆ ಹಳೆ ಬೇಸ್, ಬಲಗೈಗೆ ಹೊಸ ಬೇಸ್ ಹಾಕಿ ಎರಡು ವಾರ ಬಿಟ್ಟು ನೋಡಿ. ಬಾಗುವ ತೆಳು ಉಗುರಿಗೆ ಸ್ವಲ್ಪ ಬಳುಕುವ ರಬ್ಬರ್ ಬೇಸ್ ಚೆನ್ನಾಗಿ ಹೊಂದುತ್ತದೆ. ಉಗುರು ಚಮಚದ ಹಾಗೆ ಒಳಗೆ ತಗ್ಗಾಗಿದ್ದರೆ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇರಬಹುದು, ಅದನ್ನು ಡಾಕ್ಟರ್ ನೋಡಬೇಕು.

ತೆಗೆಯುವಾಗ

ಟಾಪ್ ಕೋಟ್‌ನ ಹೊಳಪನ್ನು ಫೈಲ್‌ನಿಂದ ತೆಗೆದು, ಅಸಿಟೋನ್‌ನಲ್ಲಿ ನೆನೆದ ಹತ್ತಿ ಇಟ್ಟು ಫಾಯಿಲ್ ಸುತ್ತಿ 10ರಿಂದ 15 ನಿಮಿಷ ಬಿಡಿ. ಮೆತ್ತಗಾದದ್ದು ಕಡ್ಡಿಗೆ ತಾನೇ ಬರುತ್ತದೆ. ಬರದಿದ್ದರೆ ಇನ್ನಷ್ಟು ಹೊತ್ತು ಇಡಿ, ಕೆರೆಯಬೇಡಿ. ಹಾರ್ಡ್ ಜೆಲ್ ಅಸಿಟೋನ್‌ಗೆ ಕರಗುವುದೇ ಇಲ್ಲ, ಫೈಲ್ ಮಾಡಿಯೇ ತೆಗೆಯಬೇಕು, ಕೈ ಪಳಗಿದವರಿಂದ ತೆಗೆಸಿ.

ಅಸಿಟೋನ್‌ಗೆ ಬೆಂಕಿ ಬಹಳ ಬೇಗ ಹತ್ತುತ್ತದೆ. ಅದರ ಆವಿಯೂ ಹೊತ್ತಿಕೊಳ್ಳುತ್ತದೆ. ಒಲೆ, ದೇವರ ದೀಪ, ಸೊಳ್ಳೆ ಬತ್ತಿ ಉರಿಯುವ ಕೋಣೆಯಲ್ಲಿ ಬಾಟಲಿ ತೆರೆಯಬೇಡಿ, ಕರೆಂಟ್ ಹೋದಾಗ ಮೇಣದಬತ್ತಿ ಹಚ್ಚಿಕೊಂಡು ಈ ಕೆಲಸ ಮಾಡಬೇಡಿ. ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಜೆಲ್ ಕಿತ್ತು ಹಾಳಾದ ಉಗುರಿಗೆ ಬೇಗ ವಾಸಿ ಮಾಡುವ ಔಷಧ ಇಲ್ಲ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಪೂರ್ತಿ ಹೊಸದಾಗಲು ಸುಮಾರು ಆರು ತಿಂಗಳು ಬೇಕು. ಅಲ್ಲಿಯವರೆಗೆ ಗಿಡ್ಡ ಕತ್ತರಿಸಿ, ರಾತ್ರಿ ಮಲಗುವಾಗ ಉಗುರಿಗೂ ಬುಡದ ಚರ್ಮಕ್ಕೂ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ, ಪಾತ್ರೆ ತೊಳೆಯುವಾಗ ಗ್ಲೌಸ್ ಹಾಕಿಕೊಳ್ಳಿ.